ಗೋಲ್ಡ್‌ಫಿಶ್ ತರೋದಕ್ಕೆ ಮುಂಚೆ

ಎರಡನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಸಂಜೆ ಮನೆಗೆ ಒಂದು ಗಾಜಿನ ಬೌಲು, ಎರಡು ಗೋಲ್ಡ್‌ಫಿಶ್ ತಂದೆ. ಅಂಗಡಿಯವರು ಕವರಿಗೆ ಗಾಳಿ ತುಂಬಿ ಗಂಟು ಹಾಕುತ್ತಾ, "ಏನೂ ತೊಂದ್ರೆ ಇಲ್ಲ, ದಿನಾ ನಾಲ್ಕು ಕಾಳು ಹಾಕಿ ಸಾಕು" ಅಂದಿದ್ದರು. ನಾಲ್ಕನೇ ದಿನ ನೀರು ಮಬ್ಬಾಯಿತು. ಗಾಬರಿಯಾಗಿ ಪೂರ್ತಿ ನೀರು ಚೆಲ್ಲಿ ನಲ್ಲಿಯಿಂದ ಹೊಸ ನೀರು ತುಂಬಿಸಿದೆ. ಮಾರನೇ ಬೆಳಿಗ್ಗೆ ಒಂದು ಮೀನು ತೇಲುತ್ತಿತ್ತು, ಸಂಜೆಗೆ ಇನ್ನೊಂದು. ತಂಗಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. "ನಮ್ಮನೆಗೆ ಮೀನು ಆಗಿಬರಲ್ಲ ಬಿಡು" ಅಂತ ಅಜ್ಜಿ ತೀರ್ಪು ಕೊಟ್ಟರು.

ಮನೆಯದ್ದೇನೂ ದೋಷ ಇರಲಿಲ್ಲ, ನನಗೆ ನೀರಿನ ಲೆಕ್ಕ ಗೊತ್ತಿರಲಿಲ್ಲ ಅಷ್ಟೆ. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾ ಹೊರಹಾಕುತ್ತಲೇ ಇರುತ್ತೆ. ತಿನ್ನದೆ ಉಳಿದ ಕಾಳು ಕೊಳೆತರೂ ಬರೋದು ಅಮೋನಿಯಾನೇ. ಕೆರೆಯಲ್ಲಾದರೆ ಅದು ಅಷ್ಟೂ ನೀರಿನಲ್ಲಿ ಹರಡಿಹೋಗುತ್ತೆ, ನಾಲ್ಕು ಲೀಟರಿನ ಬೌಲಿನಲ್ಲಿ ಎಲ್ಲಿಗೆ ಹೋಗಬೇಕು? ಹಳೇ ಟ್ಯಾಂಕುಗಳಲ್ಲಿ ಫಿಲ್ಟರಿನ ಸ್ಪಂಜಿನ ಮೇಲೆ ಬ್ಯಾಕ್ಟೀರಿಯಾ ನೆಲೆಯೂರಿರುತ್ತವೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತೆ. ಮೊದಲೆರಡೂ ಮೀನಿಗೆ ವಿಷ. ಕೊನೆಯದರಿಂದ ಅಷ್ಟು ಅಪಾಯವಿಲ್ಲ, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು. ಈ ಬ್ಯಾಕ್ಟೀರಿಯಾ ಹೊಸ ಟ್ಯಾಂಕಿನಲ್ಲಿ ಬೆಳೆಯೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನಾನು ಕೊಟ್ಟಿದ್ದು ನಾಲ್ಕು ದಿನ! ಸಾಲದ್ದಕ್ಕೆ ಕ್ಲೋರಿನ್ ಇರುವ ನಲ್ಲಿ ನೀರನ್ನು ನೇರವಾಗಿ ಸುರಿದಿದ್ದೆ.

ಕೆಮಿಸ್ಟ್ರಿ ನೆನಪಿದ್ದವರಿಗೆ ಇನ್ನೊಂದು ಮಾತು. ನೀರಿನಲ್ಲಿ ಅಮೋನಿಯಂ ಅಯಾನು, ಅಮೋನಿಯಾ ಎರಡೂ ಸಮತೋಲನದಲ್ಲಿರುತ್ತವೆ, ಹೆಚ್ಚು ಕೊಲ್ಲೋದು ಎರಡನೆಯದು. ಪಿಎಚ್ ಏರಿದಷ್ಟೂ ಅದರ ಪಾಲು ಜಾಸ್ತಿ. ಕ್ಷಾರದ ಕಡೆ ವಾಲಿದ ಬೋರ್‌ವೆಲ್ ನೀರು ಇರುವ ಕಡೆ ಆತುರಪಟ್ಟರೆ ಶಿಕ್ಷೆ ಇನ್ನೂ ಜೋರು.

ಹಾಗಾಗಿ ಮೊದಲು ಟ್ಯಾಂಕು, ಆಮೇಲೆ ಮೀನು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದು ಸುಮಾರು 56 ಲೀಟರ್ ಹಿಡಿಯುತ್ತೆ. ಚಿಕ್ಕದು ಸುಲಭ ಅನ್ನೋದು ಭ್ರಮೆ, ನೀರು ಹೆಚ್ಚಿದ್ದಷ್ಟೂ ನಮ್ಮ ತಪ್ಪನ್ನು ತಡೆದುಕೊಳ್ಳುತ್ತೆ. (ನೀರೇ 56 ಕೆಜಿ, ಗಾಜು, ಕಲ್ಲು ಬೇರೆ. ಅಲ್ಲಾಡುವ ಸ್ಟಡಿ ಟೇಬಲ್ ಮೇಲೆ ಇಡಬೇಡಿ, ಸಿವಿಲ್‌ನವರನ್ನ ಒಂದು ಮಾತು ಕೇಳಿ.) ನೀರಿಗೆ ಆಂಟಿ ಕ್ಲೋರಿನ್ ಹಾಕಿ, ಫಿಲ್ಟರ್ ಓಡಿಸಿ, ಮೀನಿಲ್ಲದೆಯೇ ದಿನಾ ಚಿಟಿಕೆ ಆಹಾರ ಹಾಕ್ತಾ ಬನ್ನಿ. ಸ್ನೇಹಿತರ ಹಳೇ ಟ್ಯಾಂಕಿನ ಸ್ಪಂಜಿನ ತುಂಡು ಸಿಕ್ಕರೆ ಕಾಯೋ ಸಮಯ ಕಡಿಮೆಯಾಗುತ್ತೆ. ಟೆಸ್ಟ್ ಕಿಟ್‌ನಲ್ಲಿ ಮೊದಲು ಅಮೋನಿಯಾ, ಆಮೇಲೆ ನೈಟ್ರೈಟ್ ಏರಿ, ಕೊನೆಗೆ ಎರಡೂ ಸೊನ್ನೆಗೆ ಇಳಿದಾಗ ಮೀನಂಗಡಿಗೆ ಹೋಗಬಹುದು.

ಅಲ್ಲಿ ನಾನು ಮೊದಲು ತೋರಿಸೋದು ಜೀಬ್ರಾ ಡೇನಿಯೊ. ಬೆಳ್ಳಿ ಮೈಮೇಲೆ ನೀಲಿ ಪಟ್ಟೆ, ಬೆರಳಿನ ಎರಡು ಗೆಣ್ಣಿನಷ್ಟು ಉದ್ದ. ನಮ್ಮ ಉಪಖಂಡದ್ದೇ ಹಳ್ಳ, ಗದ್ದೆ ನೀರಿನ ಮೀನು. ಲ್ಯಾಬುಗಳಲ್ಲಿ ಇದಕ್ಕೆ ಬಲು ಬೇಡಿಕೆ. 2013ರಲ್ಲಿ ಇದರ ಜೀನೋಮ್ ಪ್ರಕಟವಾದಾಗ ಮನುಷ್ಯನ ಜೀನುಗಳಲ್ಲಿ ಸುಮಾರು 70%ಕ್ಕೆ ಇದರಲ್ಲಿ ಜೋಡಿ ಇದೆ ಅಂತ ಗೊತ್ತಾಯಿತು. ನಮಗೆ ಬೇಕಾದ ಗುಣ ಬೇರೆ: ಡಿಸೆಂಬರ್ ಚಳಿಗೆ ನೀರು 20 ಡಿಗ್ರಿಗೆ ಇಳಿದರೂ ಹೀಟರ್ ಕೇಳಲ್ಲ. ಆದರೆ ಇದು ಗುಂಪಿನ ಮೀನು, ಕನಿಷ್ಠ ಆರು ಬೇಕು. ಒಂದೆರಡೇ ಬಿಟ್ಟರೆ ಒಂದನ್ನೊಂದು ಅಟ್ಟಾಡಿಸಿಕೊಂಡೇ ಇರುತ್ತವೆ. ಚೆನ್ನಾಗಿ ನೆಗೆಯುತ್ತೆ ಕೂಡ, ಮುಚ್ಚಳ ಮರೀಬೇಡಿ.

ಗಡಸು ನೀರಿನವರಿಗೆ ಗಪ್ಪಿ ಹೇಳಿಮಾಡಿಸಿದ ಮೀನು. ಕೋಲಾರದ ಕಡೆ ಹಳ್ಳಿಗಳಲ್ಲಿ ಮಲೇರಿಯಾ ತಡೆಯೋಕೆ ಬಾವಿಗಳಿಗೆ ಗಪ್ಪಿ ಬಿಟ್ಟಿದ್ದುಂಟು, ಸೊಳ್ಳೆಯ ಮರಿಗಳನ್ನ ತಿನ್ನುತ್ತೆ ಅಂತ. ತೊಂದರೆ ಒಂದೇ. ಹೆಣ್ಣು ಗಪ್ಪಿ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಮರಿ ಹಾಕುತ್ತೆ, ಮೊಟ್ಟೆಯಲ್ಲ, ನೇರ ಈಜೋ ಮರಿ. ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಕೂಡಿಟ್ಟುಕೊಳ್ಳುವುದರಿಂದ ಹೆಣ್ಣೊಂದನ್ನೇ ತಂದರೂ ಬಚಾವಾಗಲ್ಲ. ಬರೀ ಗಂಡು ತನ್ನಿ, ಬಣ್ಣದ ಬಾಲ ಇರೋದೂ ಅವಕ್ಕೇ. ಪ್ಲಾಟಿ, ಮೋಲಿಗಳೂ ಇದೇ ಬಳಗ.

ಒಂದೇ ಮೀನು ಸಾಕು ಅನ್ನೋರಿಗೆ ಫೈಟರ್. ನೀರಿನ ಮೇಲಿನ ಗಾಳಿಯನ್ನೂ ಉಸಿರಾಡಬಲ್ಲದು, ಅದಕ್ಕೇ ಅಂಗಡಿಯ ಪುಟ್ಟ ಕಪ್ಪಿನಲ್ಲೂ ಜೀವ ಹಿಡಿದಿರುತ್ತೆ. ಹಾಗಂತ ಅಲ್ಲೇ ಇಡಬೇಡಿ, 20 ಲೀಟರ್ ನೀರು, 24 ಡಿಗ್ರಿಗಿಂತ ಮೇಲಿನ ಬಿಸುಪು ಕೊಡಿ. ಎರಡು ಗಂಡು ಒಟ್ಟಿಗೆ ಬೇಡವೇ ಬೇಡ.

ಇನ್ನು ಬೇಡದ ಪಟ್ಟಿ. ಗೋಲ್ಡ್‌ಫಿಶ್ ಗೇಣುದ್ದ ಬೆಳೆಯುತ್ತೆ, ಗಲೀಜೂ ಅದೇ ಪ್ರಮಾಣದಲ್ಲಿ. "ಟ್ಯಾಂಕ್ ಕ್ಲೀನ್ ಮಾಡುತ್ತೆ" ಅಂತ ಮಾರುವ ಸಕ್ಕರ್ ಫಿಶ್ ಒಂದಡಿ ದಾಟುತ್ತೆ, ಆಮೇಲೆ ಜನ ಅದನ್ನ ಕೆರೆಗೆ ಬಿಟ್ಟು ಅಲ್ಲಿನ ಮೀನುಗಳಿಗೆ ಕುತ್ತು ತರುತ್ತಾರೆ. ಕೆಂಪು ಪಟ್ಟೆಯ ಮಿಸ್ ಕೇರಳ ನೋಡೋಕೆ ಚೆಂದ, ಪಶ್ಚಿಮ ಘಟ್ಟದ ಹೊಳೆಗಳದ್ದು. ಆದರೆ ಅಳಿವಿನಂಚಿನಲ್ಲಿದೆ, ಹರಿಯೋ ನೀರು ಕೇಳುತ್ತೆ. ಮೊದಲ ಟ್ಯಾಂಕಿಗಂತೂ ಅಲ್ಲ.

ತಂದ ಮೇಲೂ ಎಲ್ಲಾ ಒಂದೇ ದಿನ ಬಿಡಬೇಡಿ, ಮೊದಲು ಮೂರು, ವಾರದ ಮೇಲೆ ಮತ್ತೆ ಮೂರು. ಸ್ಪಂಜನ್ನು ನಲ್ಲಿ ಕೆಳಗೆ ತಿಕ್ಕಿ ತೊಳೆದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ.

ನಮ್ಮನೆ ಟ್ಯಾಂಕಿನಲ್ಲಿ ಈಗ ಆರು ಡೇನಿಯೊ ಇವೆ, ಒಂದೂವರೆ ವರ್ಷವಾಯಿತು. ಆಹಾರ ಹಾಕೋ ಕೆಲಸ ತಂಗಿಯದು. ಅಜ್ಜಿ ಅವಳಿಗೆ ಗೊತ್ತಾಗದ ಹಾಗೆ ಇನ್ನೊಂದು ಸಲ ಹಾಕ್ತಾರೆ, ಈಗ ಡಬ್ಬಿಯನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೀವಿ. ನೀವು ನಾಲ್ಕು ದಿನ ಊರಿಗೆ ಹೋಗೋದಾದರೆ ಪಕ್ಕದ ಮನೆಯವರ ಕೈಗೆ ಡಬ್ಬಿ ಕೊಡಬೇಡಿ. ಆರೋಗ್ಯವಾಗಿರೋ ದೊಡ್ಡ ಮೀನು ಅಷ್ಟು ದಿನ ಉಪವಾಸ ಇರುತ್ತೆ.