ಲ್ಯಾಪ್‌ಟಾಪ್ ಒಳಗೆ ಬಿಡ್ತಿಲ್ವಾ? ಫಾರ್ಮ್ಯಾಟ್‌ಗೆ ಆತುರ ಬೇಡ!

ಪಾಸ್‌ವರ್ಡ್ ಸರಿಯಾಗೇ ಹಾಕಿದ್ರೂ ವಿಂಡೋಸ್ ‘ತಪ್ಪು’ ಅಂತಿದೆಯಾ? ಗಾಬರಿ ಬೇಡ, ಒಂದೊಂದಾಗಿ ನೋಡೋಣ.

ಮೊದಲು ಕ್ಯಾಪ್ಸ್ ಲಾಕ್, ನಮ್ ಲಾಕ್ ನೋಡಿ. ಆಮೇಲೆ ಪರದೆಯ ಬಲಗಡೆ ಕೆಳಮೂಲೆ. ಅಲ್ಲಿ ಕೀಬೋರ್ಡ್ ಕನ್ನಡಕ್ಕೆ ಹೋಗಿದ್ರೆ ಇಂಗ್ಲಿಷ್‌ಗೆ ಬದಲಿಸಿ. ಟೈಪ್ ಮಾಡಿದ ಮೇಲೆ ಪಕ್ಕದ ಕಣ್ಣಿನ ಚಿಹ್ನೆ ಒತ್ತಿ, ಹಾಕಿದ್ದು ಕಾಣುತ್ತೆ. ಯಾವುದಾದ್ರೂ ಕೀ ಕೆಟ್ಟಿದೆಯಾ? ಅದೇ ಮೂಲೆಯ ಆಕ್ಸೆಸಿಬಿಲಿಟಿ ಚಿಹ್ನೆಯಲ್ಲಿ ಪರದೆ ಮೇಲಿನ ಕೀಬೋರ್ಡ್ ಸಿಗುತ್ತೆ.

ಪಾಸ್‌ವರ್ಡ್ ನಿಜಕ್ಕೂ ಮರೆತಿದ್ರೆ? ಮೈಕ್ರೋಸಾಫ್ಟ್ ಖಾತೆಯಾದ್ರೆ, ಮೊಬೈಲ್‌ನಲ್ಲಿ ಅವರ ವೆಬ್‌ಸೈಟಿಗೆ ಹೋಗಿ ಹೊಸದು ಮಾಡ್ಕೊಳ್ಳಿ. ಲ್ಯಾಪ್‌ಟಾಪ್‌ಗೆ ವೈಫೈ ಕೊಟ್ಟು ಅದನ್ನೇ ಹಾಕಿ. ಆ ಲ್ಯಾಪ್‌ಟಾಪ್‌ಗೆ ಮಾತ್ರ ಸೀಮಿತವಾದ ಲೋಕಲ್ ಖಾತೆಯಾದ್ರೆ, ಒಮ್ಮೆ ತಪ್ಪು ಪಾಸ್‌ವರ್ಡ್ ಹಾಕಿ, ‘ರೀಸೆಟ್ ಪಾಸ್‌ವರ್ಡ್’ ಬರುತ್ತೆ. ಮೊದಲೇ ಭದ್ರತಾ ಪ್ರಶ್ನೆ ಇಟ್ಟಿದ್ರೆ, ಉತ್ತರ ಕೊಟ್ಟು ಒಳಗೆ ಹೋಗಬಹುದು.

ನೀಲಿ ಪರದೆ ಬಂದು, ಡಿಸ್ಕ್‌ಗೆ ಬೀಗ ಹಾಕೋ ಬಿಟ್‌ಲಾಕರ್‌ನ ರಿಕವರಿ ಕೀ ಕೇಳ್ತಿದೆಯಾ? ಆ 48 ಅಂಕಿಗಳನ್ನ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲೇ ಮೊದಲು ಹುಡುಕಿ.

ಯಾರಾದ್ರೂ ‘ಫಾರ್ಮ್ಯಾಟ್ ಮಾಡೋಣ’ ಅಂದ್ರೆ ತಕ್ಷಣ ಒಪ್ಕೋಬೇಡಿ. ಮಕ್ಕಳ ಫೋಟೊ, ಕೆಲಸದ ಫೈಲು, ಎಲ್ಲ ಹೋಗಬಹುದು. ಲಾಗಿನ್ ಆದ ಕೂಡಲೇ ಮೈಕ್ರೋಸಾಫ್ಟ್ ಖಾತೆಗೆ ಈಗ ಬಳಸ್ತಿರೋ ಮೊಬೈಲ್ ನಂಬರ್ ಸೇರಿಸಿ, ಮುಖ್ಯವಾದ ಫೈಲ್‌ಗಳ ಇನ್ನೊಂದು ಪ್ರತಿ ಬೇರೆ ಕಡೆ ಇಟ್ಕೊಳ್ಳಿ.