ಮನೆಯ ಗೋಡೆಗೆ ಗಾಢ ನೀಲವರ್ಣ

ಹೊಸ ಮನೆಯನ್ನು ಕಟ್ಟಿಸಿದ ನಮ್ಮ ಪೂರ್ವ ವಿದ್ಯಾರ್ಥಿನಿಯೊಬ್ಬರು, ಒಳಗೋಡೆಗಳಿಗೆ ಗಾಢವಾದ ನೀಲಿಯನ್ನು ಬಳಿಸಬಹುದೇ ಎಂದು ನಮ್ಮನ್ನು ಕೇಳಿದರು. ಅಂಗಡಿಯವರು ತೋರಿಸಿದ ಕಾರ್ಡಿನಲ್ಲಿ ಅದು ಬಹು ಸೊಗಸಾಗಿ ಕಂಡಿತಂತೆ. ಇದೇ ಪ್ರಶ್ನೆಯನ್ನು ತಾಯ್ತಂದೆಗಳಲ್ಲಿ ಹಲವರೂ ಕೇಳುತ್ತಿರುವುದರಿಂದ ಇಲ್ಲಿ ಕೆಲವು ಸಂಗತಿಗಳನ್ನು ವಿವರಿಸಲಿಚ್ಛಿಸುವೆವು. ಕೂಡದೆಂದು ನಾವು ಹೇಳುವವರಲ್ಲ. ಆದರೆ ಬಣ್ಣವನ್ನಾರಿಸುವ ಮೊದಲು ಕೋಣೆಯ ಬೆಳಕನ್ನು ಪರೀಕ್ಷಿಸತಕ್ಕದ್ದು.

ನೀಲಿಯು ನಮ್ಮ ಗೋಡೆಗಳಿಗೆ ಹೊಸದೇನಲ್ಲ. ಸುಣ್ಣ ಬಳಿಯುವಾಗ, ಬಟ್ಟೆಗೆ ಹಾಕುವ ನೀಲಿ ಪುಡಿಯನ್ನು ಒಂದು ಚಿಟಿಕೆಯಷ್ಟು ಕಲಸುವುದನ್ನು ನಾವೆಲ್ಲರೂ ಬಾಲ್ಯದಲ್ಲಿ ಕಂಡಿರುವೆವು. ಸುಣ್ಣದ ಹಳದಿ ಛಾಯೆಯನ್ನು ಅದು ಅಡಗಿಸುವುದರಿಂದ ಗೋಡೆಯು ಹೆಚ್ಚು ಬೆಳ್ಳಗೆ ತೋರುವುದು. ಈ ಪುಡಿಗೆ ಅಲ್ಟ್ರಾಮರೀನ್ ಎಂದು ಹೆಸರು. ಪೂರ್ವದಲ್ಲಿ ಇದನ್ನು ಅಫಘಾನಿಸ್ಥಾನದ ಬದಕ್ಷಾನದ ಗಣಿಗಳಲ್ಲಿ ದೊರೆಯುವ ನೀಲಶಿಲೆಯನ್ನು ಅರೆದು ತೆಗೆಯುತ್ತಿದ್ದರು. ಬೆಲೆಯೋ ಶ್ರೀಮಂತರಿಗೆ ಮಾತ್ರ ಎಟುಕುವಂಥದು. 1824ರಲ್ಲಿ ಫ್ರಾನ್ಸಿನ ಸಂಘವೊಂದು, ಇದನ್ನು ಕೃತಕವಾಗಿಯೂ ಅಗ್ಗವಾಗಿಯೂ ತಯಾರಿಸುವವರಿಗೆ 6,000 ಫ್ರಾಂಕುಗಳ ಬಹುಮಾನವನ್ನು ಸಾರಿತು. 1828ರಲ್ಲಿ ಅದು ಗಿಮೇ ಎಂಬವರಿಗೆ ಸಂದಿತು. ಹೀಗೆ ಅರಮನೆಯ ನೀಲಿಯು ಬಟ್ಟೆಯೊಗೆಯುವ ತೊಟ್ಟಿಗೆ ಇಳಿಯಿತು.

ಸುಣ್ಣವು ಕ್ಷಾರಗುಣವುಳ್ಳದ್ದು. ಅಲ್ಟ್ರಾಮರೀನು ಅದನ್ನು ತಾಳುವುದು. ಪ್ರಷ್ಯನ್ ನೀಲಿಯಾದರೋ ಸುಣ್ಣದೊಡನೆ ಸೇರಿದರೆ ಕಂದುಬಣ್ಣಕ್ಕೆ ತಿರುಗುವುದು. ಆದರೆ ಸುಣ್ಣವು ತಾನೇ ಬಿಳಿಯಾದುದರಿಂದ ನೀಲಿಯನ್ನು ಎಷ್ಟು ಸುರಿದರೂ ಬರುವುದು ತಿಳಿನೀಲಿಯೇ. ಹೆಚ್ಚಾದದ್ದು ಗೋಡೆಗೊರಗಿದವರ ಬಟ್ಟೆಗೆ ಅಂಟುವುದು. ಆದುದರಿಂದ ಗಾಢ ನೀಲಿ ಬೇಕೆಂಬವರು ಡಿಸ್ಟೆಂಪರನ್ನೋ ಎಮಲ್ಶನನ್ನೋ ಕೊಳ್ಳಬೇಕಾಗುವುದು. ಗಾರೆಯು ಚೆನ್ನಾಗಿ ಒಣಗುವ ತನಕ ಕಾದಿರುವುದು ಅವಶ್ಯ. ತೇವವಿರುವ ಗೋಡೆಯಲ್ಲಿ ಉಪ್ಪು ಹೊರಹೊಮ್ಮಿ ಬಿಳಿಯ ಕಲೆಗಳಾಗುವುವು. ಬಿಳಿಗೋಡೆಯಲ್ಲಿ ಮರೆಯಾಗುವ ಆ ಕಲೆಗಳು ಗಾಢ ನೀಲಿಯಲ್ಲಿ ಎದ್ದು ಕಾಣುವುವು. ಮಳೆ ಹೆಚ್ಚಿರುವ ನಮ್ಮ ಕರಾವಳಿಯವರು ಇದನ್ನು ಮರೆಯಬಾರದು.

ಇನ್ನು ಬೆಳಕಿನ ಮಾತು. ಒಳ್ಳೆಯ ಬಿಳಿಗೋಡೆಯು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಪಾಲನ್ನು ಕೋಣೆಗೆ ಹಿಂದಿರುಗಿಸುವುದು. ಗಾಢ ನೀಲಿಯು ಹಿಂದಿರುಗಿಸುವುದು ಅನೇಕ ವೇಳೆ 10 ಪಾಲಿಗಿಂತಲೂ ಕಡಮೆ. ಇದನ್ನು ನಾವು ಪುಸ್ತಕದಿಂದ ಕಲಿತವರಲ್ಲ. ಕೆಲವು ವರ್ಷಗಳ ಕೆಳಗೆ ನಾವೇ ಇಷ್ಟಪಟ್ಟು, ಹುಡುಗಿಯರ ಓದುವ ಕೋಣೆಯ ನಾಲ್ಕೂ ಗೋಡೆಗಳಿಗೆ ಗಾಢ ನೀಲಿಯನ್ನು ಬಳಿಸಿದೆವು. ನೋಡಿದವರೆಲ್ಲರೂ ಹೊಗಳಿದರು. ಒಂದು ವಾರ ಕಳೆಯುವಷ್ಟರಲ್ಲಿ ಹುಡುಗಿಯರು ಪುಸ್ತಕಗಳನ್ನೆತ್ತಿಕೊಂಡು ಜಗಲಿಗೆ ಹೋಗತೊಡಗಿದರು. ಶಿಸ್ತು ತಪ್ಪಿತೆಂದು ನಾವು ಗದರಿಸಿ ಒಳಗೆ ಕಳುಹಿಸಿದೆವು. ಚಿಕ್ಕವಳೊಬ್ಬಳು, "ಅಮ್ಮಾ, ಅಲ್ಲಿ ಅಕ್ಷರ ಕಾಣುವುದಿಲ್ಲ" ಎಂದು ಅತ್ತ ಮೇಲೆಯೇ ನಾವು ಆ ಕೋಣೆಯಲ್ಲಿ ಸಾಯಂಕಾಲ ಐದು ಗಂಟೆಗೆ ಕುಳಿತು ಓದಿ ನೋಡಿದೆವು. ಅವಳ ಮಾತು ಸತ್ಯವಾಗಿತ್ತು. ಅಂದು ನಮ್ಮಿಂದ ಬೈಸಿಕೊಂಡವರಲ್ಲಿ ಕೆಲವರು ಈ ಸಂಚಿಕೆಯನ್ನು ಓದುತ್ತಿರಬಹುದು; ತಪ್ಪು ನಮ್ಮದೆಂದು ಅವರಿಗೆ ತಿಳಿಯಪಡಿಸುವೆವು.

ಮುಸ್ಸಂಜೆಯಲ್ಲಿ ನೀಲಿಯ ನಡತೆ ವಿಚಿತ್ರವಾದುದು. ಬೆಳಕು ಕುಂದುತ್ತ ಬಂದಂತೆ ಕೆಂಪು ದಾಸವಾಳವು ಮೊದಲು ಕಪ್ಪಾಗುವುದು, ಶಂಖಪುಷ್ಪವು ಇನ್ನೂ ಸ್ವಲ್ಪ ಹೊತ್ತು ಹೊಳೆಯುವುದು. ಮಂದ ಬೆಳಕಿನಲ್ಲಿ ಕಣ್ಣಿನ ಗ್ರಹಣಶಕ್ತಿಯು ನೀಲಿಯ ಕಡೆಗೆ ಸರಿಯುವುದೇ ಇದಕ್ಕೆ ಕಾರಣ. ಬೊಹೀಮಿಯದ ಪುರ್ಕಿನ್ಯೆ ಎಂಬ ಪಂಡಿತರು 1825ರಲ್ಲಿ ಇದನ್ನು ವರ್ಣಿಸಿದರು. ಆದರೆ ಹಳದಿ ಬೆಳಕಿನ ದೀಪವನ್ನು ಹಚ್ಚಿದೊಡನೆ ಅದೇ ನೀಲಿಗೋಡೆಯು ಬಹುಮಟ್ಟಿಗೆ ಕಪ್ಪಾಗಿ ತೋರುವುದು, ಯಾಕಂದರೆ ಆ ದೀಪದಲ್ಲಿ ನೀಲಕಿರಣಗಳು ಸ್ವಲ್ಪವೇ.

ಹಾಗಾದರೆ ಮಾಡತಕ್ಕದ್ದೇನು? ಹೆಬ್ಬೆರಳಿನಷ್ಟಿರುವ ಕಾರ್ಡಿನ ಚೂರನ್ನು ನಂಬದೆ, ಎರಡಡಿ ಚೌಕದ ಹಲಗೆಗೆ ಬಣ್ಣ ಬಳಿದು, ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ಹೀಗೆ ಮೂರು ಹೊತ್ತು ಅದೇ ಕೋಣೆಯಲ್ಲಿಟ್ಟು ನೋಡಿರಿ. ಕಿಟಕಿಯಿರುವ ಗೋಡೆಗೆ ಬೇಡ. ಹೊರಗಿನ ಪ್ರಕಾಶಕ್ಕೂ ಗೋಡೆಯ ಕತ್ತಲೆಗೂ ನಡುವೆ ಕಣ್ಣು ದಣಿಯುವುದು. ಕಿಟಕಿಯ ಎದುರು ಗೋಡೆಯಾದರೆ ಬೆಳಕು ನೇರವಾಗಿ ಬಿದ್ದು ನೀಲಿಯು ತನ್ನ ನಿಜವಾದ ಕಾಂತಿಯನ್ನು ತೋರುವುದು. ಒಂದೇ ಗೋಡೆ ಸಾಕು. ಕಾವಿಯ ನೆಲಕ್ಕೂ ಹಲಸಿನ ಮರದ ಹಳದಿಗೂ ಇದರಷ್ಟು ಒಪ್ಪುವ ಬಣ್ಣ ಮತ್ತೊಂದಿಲ್ಲವೆಂದು ನಮ್ಮ ಅಭಿಪ್ರಾಯ. ಹಂಚಿನ ಮಾಡಾದರೆ ಒಂದೆರಡು ಗಾಜಿನ ಹಂಚುಗಳನ್ನು ಕೂಡಿಸಿರಿ.

ನಮ್ಮ ಓದುವ ಕೋಣೆಯ ಮೂರು ಗೋಡೆಗಳಿಗೆ ಆ ವರ್ಷವೇ ಬಿಳಿಯನ್ನು ಬಳಿಸಿದೆವು. ಮೂರು ಸಲ ಬಳಿದ ಮೇಲೂ ಬಾಗಲಿನ ಮೂಲೆಯಲ್ಲಿ ನೀಲಿಯು ಇನ್ನೂ ಇಣಿಕಿ ನೋಡುತ್ತಿರುವುದು. ಕಿಟಕಿಯ ಎದುರಿನ ಗೋಡೆಯನ್ನು ಮಾತ್ರ ಹಾಗೆಯೇ ಬಿಟ್ಟಿರುವೆವು; ಪುಸ್ತಕದ ಕಪಾಟು ಅದಕ್ಕೊರಗಿ ನಿಂತಿದೆ.