ಮಾರ್ಚ್ ತಿಂಗಳ ಖರ್ಚು

ಮಾರ್ಚ್ ೩೧ ಸಮೀಪಿಸಿತೆಂದರೆ ಸರಕಾರಿ ಕಚೇರಿಗಳಲ್ಲಿ ನಡೆಯುವ ಖರ್ಚಿನ ಸಂಭ್ರಮವನ್ನು ವಾಚಕರು ಬಲ್ಲರು. ತಿಂಗಳುಗಟ್ಟಲೆ ಮಲಗಿದ್ದ ಕಡತಗಳು ಒಮ್ಮೆಲೇ ಎದ್ದು ಖಜಾನೆಯ ಹಾದಿ ಹಿಡಿಯುತ್ತವೆ. ಕೇಂದ್ರ ಸರಕಾರದ ೨೦೧೭ರ ಸಾಮಾನ್ಯ ಹಣಕಾಸು ನಿಯಮಗಳು ಈ ಧಾವಂತವನ್ನು ಆರ್ಥಿಕ ಔಚಿತ್ಯದ ಭಂಗವೆಂದೇ ಕರೆದಿವೆ. ಮುಂಗಡಪತ್ರದ ಮೊತ್ತದಲ್ಲಿ ಕೊನೆಯ ಮೂರು ತಿಂಗಳ ವೆಚ್ಚವು ನೂರಕ್ಕೆ ೩೩ನ್ನೂ, ಮಾರ್ಚಿನದು ೧೫ನ್ನೂ ಮೀರಕೂಡದೆಂಬ ಮಿತಿಯನ್ನು ಹಣಕಾಸು ಮಂತ್ರಾಲಯವು ವಿಧಿಸುತ್ತ ಬಂದಿದೆ.

ಆದರೆ ದೋಷವೆಲ್ಲ ಕಚೇರಿಯವರದೇ ಎನ್ನಲಾದೀತೆ? ಉಳಿಸಿದ ಹಣವು ವರ್ಷಾಂತ್ಯಕ್ಕೆ ರದ್ದಾಗುವುದು. ಮೇಲೆ, ‘ಇವರಿಗೆ ಇಷ್ಟೇ ಸಾಕು’ ಎಂದು ಮರುವರ್ಷದ ಹಂಚಿಕೆಗೂ ಕತ್ತರಿ ಬಿದ್ದೀತೆಂಬ ಭಯ. ಮಿತವ್ಯಯಕ್ಕೆ ಇದು ವಿಚಿತ್ರವಾದ ಬಹುಮಾನವೇ ಸರಿ! ಏಪ್ರಿಲಿನಿಂದಲೇ ಹಣ ಕೈಸೇರಲೆಂದು ೨೦೧೭ರಲ್ಲಿ ಕೇಂದ್ರದ ಮುಂಗಡಪತ್ರವನ್ನು ಫೆಬ್ರವರಿ ೧ಕ್ಕೆ ತಂದುದು ಯುಕ್ತವಾಯಿತು. ನ್ಯಾಯವಾಗಿ ಉಳಿದುದನ್ನು ಅದೇ ಕಾಮಗಾರಿಗೆ ಮರುವರ್ಷವೂ ಬಿಟ್ಟುಕೊಡುವ ವಿಷಯವನ್ನು ಸರಕಾರದವರು ಇನ್ನು ಆಲೋಚಿಸಬೇಕು.